ಕಾಲಿಗೆ ನೀರು ಕೊಡದ ಸೀಮೋನನು: ಮರ್ಯಾದೆಯನ್ನೂ ಕನಿಕರವನ್ನೂ ಕುರಿತ ಪಾಠ

ಓದತಕ್ಕ ವೇದಭಾಗಗಳು: ಲೂಕ 7:36–50, ಯಾಕೋಬ 2:1–9, ಲೂಕ 10:25–37.



ಕಳ್ಳತನ, ಕುಡಿಕತನ, ವ್ಯಭಿಚಾರ, ಸುಳ್ಳುಸಾಕ್ಷಿ ಇವುಗಳು ಪಾಪಗಳೆಂಬದನ್ನು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳೂ ಬಲ್ಲರು. ಆದರೆ ಒರಟು ಮಾತು, ಅಲಕ್ಷ್ಯ, ಮತ್ತೊಬ್ಬರ ಸಂಕಟವನ್ನು ಕಂಡೂ ಕಾಣದಂತೆ ದಾಟಿ ಹೋಗುವದು, ಇವುಗಳನ್ನು ಪಾಪಗಳ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ‘ಅವನ ಬಾಯಿ ಹಾಗೆ, ಮನಸ್ಸು ಒಳ್ಳೇದು’ ಎಂದು ಹೇಳಿ ಬಿಟ್ಟುಬಿಡುವದು ಲೋಕದ ರೂಢಿ. ನಮ್ಮ ಕರ್ತನಾದ ಯೇಸು ಕ್ರಿಸ್ತನು ಹಾಗೆ ಬಿಟ್ಟುಬಿಟ್ಟನೋ ಎಂಬದನ್ನು ಈ ತಿಂಗಳ ಪಾಠದಲ್ಲಿ ವಿಚಾರಿಸೋಣ.

1. ಸೀಮೋನನ ಮನೆಯಲ್ಲಿ ಕೊರತೆಯಾದದ್ದೇನು?

ಫರಿಸಾಯನಾದ ಸೀಮೋನನು ದುಷ್ಟನಾಗಿರಲಿಲ್ಲ. ಅವನು ಕರ್ತನನ್ನು ಊಟಕ್ಕೆ ಕರೆದನು, ತನ್ನ ಮನೆಯ ಪಂಕ್ತಿಯಲ್ಲಿ ಕೂರಿಸಿದನು. ಆದಾಗ್ಯೂ ಕರ್ತನು ಅವನ ಮನೆಯಲ್ಲಿ ಮೂರು ಕೊರತೆಗಳನ್ನು ಎಣಿಸಿ ಹೇಳಿದನು: ಕಾಲಿಗೆ ನೀರು ಇಲ್ಲ, ವಂದನೆಯ ಮುದ್ದು ಇಲ್ಲ, ತಲೆಗೆ ಎಣ್ಣೆ ಇಲ್ಲ. ಯೆಹೂದ್ಯರ ದೇಶದಲ್ಲಿ ಜನರು ಕೆರ ಮೆಟ್ಟಿ ಧೂಳಿನ ದಾರಿಯಲ್ಲಿ ನಡೆದು ಬರುತ್ತಿದ್ದರು. ಆದಕಾರಣ ಬಂದವರ ಕಾಲಿಗೆ ನೀರು ಕೊಡುವದು ಅಲ್ಲಿನ ಮರ್ಯಾದೆ. ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಬಿಸಿಲಲ್ಲಿ ಬಂದವನಿಗೆ ತಂಬಿಗೆಯ ತುಂಬ ನೀರನ್ನೂ ಒಂದು ಚೂರು ಬೆಲ್ಲವನ್ನೂ ಕೊಡದೆ ‘ಏನು ಬಂದಿರಿ?’ ಎಂದು ಕೇಳುವ ಮನೆಯನ್ನು ನಮ್ಮ ಹಿರಿಯರು ಮನೆಯೆಂದೇ ಎಣಿಸುತ್ತಿರಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು, ಕರ್ತನು ಈ ಕೊರತೆಗಳನ್ನು ಮನೆಯೊಳಗೆ ಕಾಲಿಟ್ಟ ಕೂಡಲೆ ಹೇಳಲಿಲ್ಲ. ತನಗಾದ ಅವಮಾನಕ್ಕೆ ಸುಮ್ಮನಿದ್ದನು. ಸೀಮೋನನು ತನ್ನ ಮನಸ್ಸಿನಲ್ಲಿ ಆ ಅಳುವ ಸ್ತ್ರೀಯನ್ನು ಹೀನೈಸಿದಾಗಲೇ ಅವನು ಬಾಯಿ ತೆರೆದನು. ತನ್ನ ಮರ್ಯಾದೆಗಾಗಿ ಅಲ್ಲ, ಅವಳ ಮರ್ಯಾದೆಗಾಗಿ ಮಾತಾಡಿದನು. ಎರಡನೆಯದು, ಅವನು ಸೀಮೋನನಿಗೆ ಆ ಸ್ತ್ರೀಯನ್ನು ತೋರಿಸಿ, ಇವಳು ನಿನ್ನ ಕಣ್ಣಿಗೆ ಕಾಣುತ್ತಾಳೋ ಎಂಬ ಅರ್ಥದಲ್ಲಿ ಕೇಳಿದನು. ಸೀಮೋನನು ಅವಳ ಪಾಪವನ್ನು ಕಂಡಿದ್ದನು, ಅವಳನ್ನು ಕಂಡಿರಲಿಲ್ಲ. ಒರಟುತನದ ಬೇರು ಇದೇ. ಎದುರಿಗಿರುವವನು ನಮ್ಮ ಹಾಗೆಯೇ ನೋಯುವ ಮನುಷ್ಯನೆಂಬದು ಕಣ್ಣಿಗೆ ಬೀಳದೆ ಹೋದಲ್ಲಿ ನಾಲಿಗೆಗೂ ಕೈಗೂ ಕಡಿವಾಣವಿರುವದಿಲ್ಲ.

ಇಂದಿನ ದಿನಗಳಲ್ಲಿ ಇದು ಎಲ್ಲೆಲ್ಲಿಯೂ ಕಾಣುತ್ತದೆ. ರೇಷನ್ ಅಂಗಡಿಯ ಸಾಲಿನಲ್ಲಿ ಒಬ್ಬ ಮುದುಕಿ ಯಂತ್ರದ ಮೇಲೆ ಹೆಬ್ಬೆರಳು ಇಡುತ್ತಾಳೆ. ಅರುವತ್ತು ವರುಷ ಕಳೆ ಕಿತ್ತು, ಕಲ್ಲು ಹೊತ್ತು ಅವಳ ಬೆರಳಿನ ಗೆರೆಗಳು ಸವೆದು ಹೋಗಿವೆ, ಯಂತ್ರವು ಗುರುತು ಹಿಡಿಯುವದಿಲ್ಲ. ಹಿಂದೆ ನಿಂತವರು ‘ಸರಿ ಆಚೆ, ನಮಗೆ ಹೊತ್ತಾಯಿತು’ ಎಂದು ಗದರುತ್ತಾರೆ. ದುಡಿಮೆಯೇ ಅವಳ ಗುರುತನ್ನು ಅಳಿಸಿತೆಂದು ಯೋಚಿಸುವವರಾರು? 2023ನೇ ಇಸವಿಯ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣವಿಲ್ಲದೆ ಪ್ರಯಾಣಮಾಡುವ ಏರ್ಪಾಡು ಆರಂಭವಾದ ಬಳಿಕ, ಕೂಲಿಗೆ ಹೋಗುವ ಬಡ ಹೆಂಗಸರನ್ನು ‘ಬಿಟ್ಟಿ ಬಂದವರು’ ಎಂದು ಹಂಗಿಸುವ ಮಾತುಗಳೂ ಕಿವಿಗೆ ಬಿದ್ದಿವೆ. ಸಾವಿನ ಮನೆಯಲ್ಲಿ ಹೆಣದ ಮುಂದೆ ನಿಂತು ಮೊಬೈಲು ಫೋನಿನಲ್ಲಿ ಗಟ್ಟಿಯಾಗಿ ನಗುತ್ತಾ ವ್ಯಾಪಾರದ ಮಾತಾಡುವವರೂ ಇದ್ದಾರೆ. ಇವರಲ್ಲಿ ಯಾರೂ ಕೊಲೆಗಾರರಲ್ಲ, ಕಳ್ಳರಲ್ಲ. ಸೀಮೋನನ ಹಾಗೆ ಎದುರಿಗಿರುವವರನ್ನು ಕಾಣದವರು, ಅಷ್ಟೇ.

2. ಸಭೆಯ ಚಾಪೆಯ ಮೇಲೆ ಯಾರ ಸ್ಥಳ ಎಲ್ಲಿ?

ಇದು ಲೋಕದವರ ತಪ್ಪು, ಸಭೆಯದಲ್ಲ ಎಂದು ಹೇಳುವಂತಿದ್ದರೆ ಅಪೊಸ್ತಲನಾದ ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ಬರೆಯಬೇಕಾಗಿರಲಿಲ್ಲ. ಚಿನ್ನದ ಉಂಗುರದವನಿಗೆ ಒಳ್ಳೇ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿಯ ನೆಲ, ಹೀಗೆ ಮೊದಲನೆಯ ಶತಮಾನದ ಸಭೆಗಳಲ್ಲಿಯೇ ನಡೆಯುತ್ತಿತ್ತು. ಕೊರಿಂಥದಲ್ಲಿ ಕರ್ತನ ಭೋಜನಕ್ಕೆ ಕೂಡಿಬಂದಾಗ ಉಳ್ಳವರು ಮುಂಚಿತವಾಗಿ ಉಂಡು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ನಾಚಿಕೆಪಡುತ್ತಿದ್ದರು (1 ಕೊರಿಂಥ 11:20–22). ಅದನ್ನು ಪೌಲನು ಬರೀ ಊಟದ ಅವ್ಯವಸ್ಥೆಯೆಂದು ಎಣಿಸದೆ, ದೇವರ ಸಭೆಯನ್ನೇ ತಿರಸ್ಕರಿಸಿದಂತೆಂದು ಎಣಿಸಿದನು.

ಒಬ್ಬ ವಿಧವೆಯು ಬೇರೆ ಊರಿಂದ ಬಂದು ನಮ್ಮ ಸಭೆಯಲ್ಲಿ ಹೊಸದಾಗಿ ಸೇರಿದಳೆಂದು ಎಣಿಸೋಣ. ಭಾನುವಾರ ಅವಳು ತಡವಾಗಿ ಬರುತ್ತಾಳೆ, ಯಾಕಂದರೆ ಯಜಮಾನನ ಮನೆಯ ಸಗಣಿ ಬಾಚಿ, ಕೊಟ್ಟಿಗೆ ಗುಡಿಸಿ ಬರಬೇಕು. ಬಟ್ಟೆಗೆ ಕೊಟ್ಟಿಗೆಯ ವಾಸನೆ ಇದೆ. ಚಾಪೆಯ ಮೇಲೆ ಕೂತ ಇಬ್ಬರು ಹೆಂಗಸರು ಸೆರಗು ಎಳೆದುಕೊಂಡು ಸರಿದು ಕೂರುತ್ತಾರೆ. ಒಂದು ಕೆಟ್ಟ ಮಾತನ್ನೂ ಆಡುವದಿಲ್ಲ. ಮುಂದಿನ ಭಾನುವಾರ ಅವಳು ಬಾಗಿಲ ಬಳಿ ಕೂರುತ್ತಾಳೆ, ಅದರ ಮುಂದಿನ ಭಾನುವಾರ ಬರುವದೇ ಇಲ್ಲ. ಉಪದೇಶಿಯು ಆ ದಿನ ಎಷ್ಟು ಚೆನ್ನಾಗಿ ಪ್ರಸಂಗಿಸಿದರೂ ಅವಳು ಕೇಳಿದ ಪ್ರಸಂಗವು ಆ ಸೆರಗಿನದು. ಒಂದು ಆತ್ಮವನ್ನು ಸಭೆಯಿಂದ ಹೊರಡಿಸುವದಕ್ಕೆ ದುರ್ಬೋಧನೆ ಬೇಕಾಗಿಲ್ಲ, ಒಂದು ಗೇಣು ಸರಿದು ಕೂತರೆ ಸಾಕು.

3. ನಾಲಿಗೆಯ ಮೇಲಿನ ಏಕವಚನ

ನಮ್ಮ ಕನ್ನಡ ಭಾಷೆಯಲ್ಲಿ ‘ನೀನು’ ಎಂಬದೂ ‘ನೀವು’ ಎಂಬದೂ ಬರೀ ವ್ಯಾಕರಣವಲ್ಲ. ‘ಬಾರೋ’ ಎಂದರೆ ಒಂದು, ‘ಬನ್ನಿರಿ’ ಎಂದರೆ ಬೇರೊಂದು. ಉತ್ತರದ ಸೀಮೆಯಲ್ಲಿ ಮಾತಿನ ಕೊನೆಗೆ ಒಂದು ‘ರೀ’ ಸೇರಿಸಿದರೆ ಕೇಳಿದವನ ಮುಖ ಅರಳುತ್ತದೆ. ತಾಯಿ ಮಗನನ್ನು, ಗೆಳೆಯನು ಗೆಳೆಯನನ್ನು ‘ನೀನು’ ಅನ್ನುವದು ಪ್ರೀತಿ. ಪ್ರಾರ್ಥನೆಯಲ್ಲಿ ದೇವರನ್ನೂ ನಾವು ಹಾಗೆಯೇ ಕರೆಯುತ್ತೇವೆ. ಆದರೆ ತನಗಿಂತ ಹಿರಿಯನಾದ ಹಮಾಲನನ್ನು, ಬೀದಿ ಗುಡಿಸುವವಳನ್ನು, ಹೊಲದ ಆಳನ್ನು ಬಡವರೆಂಬ ಒಂದೇ ಕಾರಣದಿಂದ ‘ಏ, ಬಾ ಇಲ್ಲಿ’ ಎಂದು ಕರೆಯುವದು ಪ್ರೀತಿಯಲ್ಲ, ತುಳಿಯುವದು.

ಇದನ್ನು ನಮ್ಮ ಸಭೆಗಳವರಿಗಿಂತ ಹೆಚ್ಚಾಗಿ ತಿಳಿದವರಾರು? ನಮ್ಮಲ್ಲಿ ಅನೇಕರ ಅಜ್ಜ ಮುತ್ತಜ್ಜಂದಿರು ಊರ ಹೊರಗಿನ ಕೇರಿಗಳಿಂದ ಬಂದವರು. ತಲೆ ನರೆತ ಮುದುಕನನ್ನು ಮೇಲಿನ ಮನೆಯ ಹತ್ತು ವರುಷದ ಹುಡುಗನು ‘ಏನೋ’ ಅನ್ನುತ್ತಿದ್ದನು, ಮುದುಕನು ಆ ಹುಡುಗನಿಗೆ ಕೈಮುಗಿದು ‘ಧಣಿ’ ಅನ್ನಬೇಕಾಗಿತ್ತು. ಬಾಸೆಲ್ ಮಿಶನಿನವರು 1834ನೇ ಇಸವಿಯಲ್ಲಿ ಮಂಗಳೂರಿಗೂ, 1837ರಲ್ಲಿ ಧಾರವಾಡಕ್ಕೂ, 1839ರಲ್ಲಿ ಹುಬ್ಬಳ್ಳಿಗೂ ಬಂದು ಸುವಾರ್ತೆಯನ್ನು ಸಾರಿದಾಗ, ದೀಕ್ಷಾಸ್ನಾನ ಹೊಂದುವವರು ಜಾತಿಭೇದವನ್ನು ಬಿಟ್ಟುಬಿಡಬೇಕೆಂದು ಕಲಿಸಿದರು. 1950ನೇ ಇಸವಿಯ ಜನವರಿ 26ರಂದು ಜಾರಿಗೆ ಬಂದ ನಮ್ಮ ದೇಶದ ಸಂವಿಧಾನವು ತನ್ನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ನಾಲಿಗೆಯ ಮೇಲೆ ಕುಳಿತ ಏಕವಚನವನ್ನು ಯಾವ ರಾಜಶಾಸನವು ಕಿತ್ತೀತು? ಆ ಮಾತಿನ ಕಹಿಯನ್ನು ಉಂಡವರ ಮೊಮ್ಮಕ್ಕಳು ಓದಿ, ನೌಕರಿ ಹಿಡಿದು, ಮನೆ ಕಟ್ಟಿಸಿ, ಅದೇ ಮಾತನ್ನು ಗಾರೆ ಕೆಲಸದವನ ಮೇಲೆ ಎಸೆಯುವದಾದರೆ, ಸೆರೆಯಿಂದ ಬಿಡುಗಡೆಯಾದವನು ಹೊರಗೆ ಬಂದು ತಾನೇ ಒಂದು ಸೆರೆಮನೆಯನ್ನು ಕಟ್ಟಿದಂತಾಗುತ್ತದೆ. ಇಸ್ರಾಯೇಲ್ಯರು ಐಗುಪ್ತದಲ್ಲಿ ಪರದೇಶಿಗಳಾಗಿದ್ದದ್ದನ್ನು ಮರೆಯದೆ ಪರದೇಶಿಯನ್ನು ಪ್ರೀತಿಸಬೇಕೆಂದು ಮೋಶೆಯು ಆಜ್ಞಾಪಿಸಿದ್ದು ಈ ಕಾರಣದಿಂದಲೇ (ಧರ್ಮೋಪದೇಶಕಾಂಡ 10:19).

ಒರಟು ಮಾತಿನ ಫಲವನ್ನು ಸತ್ಯವೇದವು ಎರಡು ದೃಷ್ಟಾಂತಗಳಿಂದ ತೋರಿಸುತ್ತದೆ. ಐಶ್ವರ್ಯವಂತನಾದ ನಾಬಾಲನು ಕುರಿಗಳ ಉಣ್ಣೆ ಕತ್ತರಿಸುವ ಹಬ್ಬದ ದಿನದಲ್ಲಿ, ದಾವೀದನು ಕಳುಹಿಸಿದ ಹತ್ತು ಮಂದಿ ಯೌವನಸ್ಥರನ್ನು ಅವಮಾನಪಡಿಸಿ ಕಳುಹಿಸಿದನು. ದಾವೀದನು 400 ಮಂದಿಯೊಂದಿಗೆ ಕತ್ತಿ ಕಟ್ಟಿಕೊಂಡು ಹೊರಟನು. ಅಬೀಗೈಲಳ ವಿನಯದ ಮಾತು ಇರದಿದ್ದರೆ ಆ ಮನೆಯು ಬೆಳಗಾಗುವಷ್ಟರಲ್ಲಿ ಹಾಳಾಗುತ್ತಿತ್ತು (1 ಸಮುವೇಲ 25). ನಾಬಾಲನ ಆಳೇ ಅವನ ವಿಷಯದಲ್ಲಿ ಹೇಳಿದ್ದೇನಂದರೆ, ಅವನೊಂದಿಗೆ ಮಾತಾಡುವದೇ ಆಗದು ಎಂಬದು. ಮನೆಯ ಆಳುಗಳೂ ಹೆಂಡತಿ ಮಕ್ಕಳೂ ಹೆದರಿ ಬಾಯಿ ಮುಚ್ಚಿಕೊಳ್ಳುವ ಯಜಮಾನನು ಬರುವ ಅಪಾಯವನ್ನು ಯಾರಿಂದಲೂ ತಿಳಿಯಲಾರನು. ಎರಡನೆಯವನು ಅರಸನಾದ ರೆಹಬ್ಬಾಮನು. ಭಾರದಿಂದ ಬಳಲಿದ ಜನರಿಗೆ ಒಳ್ಳೇ ಮಾತಿನಿಂದ ಉತ್ತರಕೊಡೆಂದು ಹಿರಿಯರು ಬುದ್ಧಿಹೇಳಿದರೂ ಅವನು ಕಠಿಣವಾಗಿ ಉತ್ತರಕೊಟ್ಟನು, ಹತ್ತು ಕುಲಗಳು ಅವನ ಕೈಬಿಟ್ಟು ಹೋದವು (1 ಅರಸುಗಳು 12). ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ನಮ್ಮ ಗಾದೆ ಸುಳ್ಳಲ್ಲ.

4. ದಾರಿಯಲ್ಲಿ ಬಿದ್ದವನು

ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯು ಸುಮಾರು 1000 ಮೀಟರ್ ಇಳಿಜಾರಾದ, ಬಂಡೆಗಳ ನಡುವಿನ ದಾರಿ. ಅಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡು ಓರೆಯಾಗಿ ಹೋದರು. ಸಮಾರ್ಯದವನು ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರಕ್ಕೆ ಒಯ್ದು ಹಣವನ್ನೂ ಕೊಟ್ಟನು.

ಇಂದಿನ ದಾರಿಗಳಲ್ಲಿ ಓರೆಯಾಗಿ ಹೋಗುವದಷ್ಟೇ ಅಲ್ಲ, ಹೊಸದೊಂದು ಕಠಿಣತೆ ಹುಟ್ಟಿದೆ. 2017ನೇ ಇಸವಿಯ ಫೆಬ್ರವರಿ ತಿಂಗಳ ಆರಂಭದಲ್ಲಿ ಕೊಪ್ಪಳದಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿದ್ದ 18 ವರುಷದ ಹುಡುಗನೊಬ್ಬನ ಮೇಲೆ ಬಸ್ಸು ಹರಿಯಿತು. ರಕ್ತದಲ್ಲಿ ಬಿದ್ದು ಸಹಾಯಕ್ಕಾಗಿ ಮೊರೆಯಿಡುತ್ತಿದ್ದ ಅವನ ಸುತ್ತಲೂ ಜನರು ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಆಸ್ಪತ್ರೆಗೆ ಒಯ್ಯುವಾಗ ತಡವಾಗಿತ್ತು, ಹುಡುಗನು ಬದುಕಲಿಲ್ಲ. ಯಾಜಕನಾದರೂ ದಾಟಿಹೋದನು, ಬಿದ್ದವನ ಸಂಕಟವನ್ನು ಊರಿಗೆ ತೋರಿಸುವ ಆಟವಾಗಿ ಮಾಡಲಿಲ್ಲ. 2022ನೇ ಇಸವಿಯೊಂದರಲ್ಲಿಯೇ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಸರಕಾರದ ಲೆಕ್ಕವು ಹೇಳುತ್ತದೆ.

ಮುಟ್ಟಿದರೆ ಪೊಲೀಸರೂ ಕೋರ್ಟೂ ಬೆನ್ನು ಹತ್ತುವರೆಂದು ಅನೇಕರು ಹೆದರುತ್ತಾರೆ. ಈ ಹೆದರಿಕೆಗೆ ಈಗ ಆಧಾರವಿಲ್ಲ. 2016ನೇ ಇಸವಿಯ ಮಾರ್ಚ್ 30ರಂದು ಸುಪ್ರೀಂ ಕೋರ್ಟು, ಸಹಾಯ ಮಾಡಿದವನನ್ನು ಪೀಡಿಸಬಾರದೆಂಬ ನಿಯಮಗಳಿಗೆ ಕಾಯ್ದೆಯ ಬಲವನ್ನು ಕೊಟ್ಟಿತು. 2019ರ ಮೋಟಾರು ವಾಹನಗಳ ತಿದ್ದುಪಡಿ ಕಾಯ್ದೆಯು 134ಎ ಎಂಬ ಕಲಮನ್ನು ಸೇರಿಸಿತು. ಒಳ್ಳೇ ಮನಸ್ಸಿನಿಂದ ಗಾಯಪಟ್ಟವನಿಗೆ ಸಹಾಯ ಮಾಡುವಾಗ ಕೈತಪ್ಪಿ ಏನಾದರೂ ಆದರೆ ಅದಕ್ಕಾಗಿ ಸಹಾಯ ಮಾಡಿದವನ ಮೇಲೆ ಮೊಕದ್ದಮೆ ನಡೆಯದು. ತನ್ನ ಹೆಸರು ವಿಳಾಸ ಹೇಳೆಂದು ಅವನನ್ನು ಬಲವಂತಮಾಡುವಂತಿಲ್ಲ. ಆ ಕಾಯ್ದೆಯು ಇಂಥ ಸಹಾಯಕನಿಗೆ ‘ಗುಡ್ ಸಮರಿಟನ್’ ಎಂದೇ ಹೆಸರಿಟ್ಟಿದೆ, ಎಂದರೆ ನಮ್ಮ ಕರ್ತನ ಸಾಮ್ಯದಲ್ಲಿರುವ ಒಳ್ಳೇ ಸಮಾರ್ಯದವನೇ. ದೇಶದ ಶಾಸನವೇ ಸುವಾರ್ತೆಯಿಂದ ಹೆಸರನ್ನು ತೆಗೆದುಕೊಂಡಿರುವಾಗ, ಸುವಾರ್ತೆಯನ್ನು ಪ್ರತಿ ಭಾನುವಾರ ಓದುವ ಸಭೆಯವರು ಚಿತ್ರ ತೆಗೆಯುವವರ ಗುಂಪಿನಲ್ಲಿ ನಿಲ್ಲಬಹುದೋ?

5. ಅಭ್ಯಾಸಮಾಡತಕ್ಕ ಐದು ಸಂಗತಿಗಳು

ಮರ್ಯಾದೆಯು ಪೇಟೆಯವರ ಬೆಡಗಲ್ಲ, ಪ್ರೀತಿಯು ದಿನದಿನವೂ ಉಡುವ ಬಟ್ಟೆ. ಪ್ರೀತಿಯು ಅಯೋಗ್ಯವಾಗಿ ನಡೆಯದೆಂದು ಪೌಲನು ಕಲಿಸಿದ್ದಾನೆ (1 ಕೊರಿಂಥ 13). ಆದಕಾರಣ ಈ ತಿಂಗಳು ಪ್ರತಿ ಮನೆಯವರೂ ಇವುಗಳನ್ನು ಅಭ್ಯಾಸಮಾಡಿರಿ.

ಮೊದಲನೆಯದು: ಮನೆಗೆ ಯಾರೇ ಬರಲಿ, ಕೆಲಸದವರಾಗಲಿ ಭಿಕ್ಷೆಯವರಾಗಲಿ, ನಾವು ಕುಡಿಯುವ ಲೋಟದಲ್ಲಿಯೇ ಮೊದಲು ನೀರು ಕೊಡಿರಿ.

ಎರಡನೆಯದು: ನಿಮಗಿಂತ ಹಿರಿಯರಾದ ಕೂಲಿಯವರನ್ನು ‘ನೀವು’ ಎಂದು ಕರೆಯಿರಿ. ಮಕ್ಕಳಿಗೆ ‘ಅಜ್ಜಾ, ಅಕ್ಕಾ, ಕಾಕಾ’ ಎಂಬ ವರಸೆಯ ಮಾತುಗಳನ್ನು ಕಲಿಸಿರಿ. ಬೋವಜನು ತನ್ನ ಹೊಲವನ್ನು ಕೊಯ್ಯುವವರನ್ನು ದೇವರ ಹೆಸರಿನಿಂದ ವಂದಿಸಿದ್ದನ್ನು ರೂತಳ ಪುಸ್ತಕದಿಂದ ಓದಿ ಹೇಳಿರಿ.

ಮೂರನೆಯದು: ಬಸ್ಸಿನಲ್ಲಿಯೂ ಸಭೆಯಲ್ಲಿಯೂ ಮುದುಕರನ್ನು, ಬಸುರಿಯರನ್ನು, ಕುರುಡರನ್ನು ಕಂಡಾಗ ಕೇಳುವ ಮುಂಚೆಯೇ ಎದ್ದು ಸ್ಥಳಕೊಡಿರಿ. ತಲೆ ನರೆತವರ ಮುಂದೆ ಏಳುವದು ದೇವರ ಆಜ್ಞೆಯೇ (ಯಾಜಕಕಾಂಡ 19:32).

ನಾಲ್ಕನೆಯದು: ದಾರಿಯಲ್ಲಿ ಬಿದ್ದವರನ್ನು ಕಂಡರೆ 108ಕ್ಕೆ ಫೋನು ಮಾಡಿ, ಬಂಡಿ ಬರುವ ತನಕ ಅವರ ಬಳಿಯಲ್ಲಿರಿ. ಚಿತ್ರ ತೆಗೆಯುವವರಿಗೆ ಬೇಡವೆಂದು ಹೇಳಿರಿ.

ಐದನೆಯದು: ಎರಡು ಭಾನುವಾರ ಸಭೆಗೆ ಬಾರದವರ ಮನೆಗೆ ಮೂರನೆಯ ಭಾನುವಾರದೊಳಗೆ ಹೋಗಿರಿ. ಯಾಕೆ ಬರಲಿಲ್ಲವೆಂದು ಗದರಲಿಕ್ಕಲ್ಲ, ಹೇಗಿದ್ದೀರಿ ಎಂದು ಕೇಳಲಿಕ್ಕೆ.

ಸಭೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಸೀಮೋನನು ಮಾಡಿದ್ದು ತಪ್ಪೋ, ಮಾಡದೆ ಬಿಟ್ಟದ್ದು ತಪ್ಪೋ? ಕರ್ತನು ಯಾವಾಗ ಮಾತಾಡಿದನು, ಯಾರಿಗಾಗಿ?
2. ನಮ್ಮ ಊರಿನಲ್ಲಿ ಹಿರಿಯರಾಗಿದ್ದರೂ ಏಕವಚನದಿಂದ ಕರೆಯಲ್ಪಡುವವರು ಯಾರು?
3. ನಮ್ಮ ಸಭೆಯಲ್ಲಿ ಬಾಗಿಲ ಬಳಿಯಲ್ಲಿಯೇ ಕೂರುವವರು ಯಾರು? ಯಾಕೆ?
4. ಅಬೀಗೈಲಳ ಮಾತು ಒಂದು ಮನೆಯನ್ನು ಹೇಗೆ ಉಳಿಸಿತು?

ಪ್ರಿಯರೇ, ಅಂದು ಕರ್ತನ ಕಾಲಿಗೆ ಸೀಮೋನನ ಮನೆಯಲ್ಲಿ ನೀರು ಸಿಗಲಿಲ್ಲ, ಒಬ್ಬ ಪಾಪಿಯ ಕಣ್ಣೀರು ಸಿಕ್ಕಿತು. ಹಿಡಿಯಲ್ಪಡುವ ರಾತ್ರಿಯಲ್ಲಿ ಅದೇ ಕರ್ತನು ಬೋಗುಣಿಯಲ್ಲಿ ನೀರು ಹೊಯ್ದು, ತನ್ನನ್ನು ಬಿಟ್ಟು ಓಡಿಹೋಗಲಿಕ್ಕಿದ್ದ ಶಿಷ್ಯರ ಕಾಲುಗಳನ್ನು ತೊಳೆದನು. ಹೀಗೆ ಉಪಚರಿಸಲ್ಪಟ್ಟ ನಾವು ಒಬ್ಬರನ್ನೊಬ್ಬರು ಹಾಗೆಯೇ ಉಪಚರಿಸುವದಕ್ಕೆ ಆತನು ನಮಗೆ ಕಾಣುವ ಕಣ್ಣನ್ನೂ ಮೃದುವಾದ ನಾಲಿಗೆಯನ್ನೂ ದಯಪಾಲಿಸಲಿ. ಆಮೆನ್.