ಆರದ ದಣಿವು ಮತ್ತು ಥೈರಾಯ್ಡ್ ಗ್ರಂಥಿ

ಹೊಲದಲ್ಲಿ ದುಡಿದವರು ಮರದ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆ. ಈ ಒಂದು ಕ್ರಿಯಾಪದದಲ್ಲಿಯೇ ಕನ್ನಡವು ದೇಹಧರ್ಮವೊಂದನ್ನು ಗುರುತಿಸಿದೆ: ದಣಿವು ಆರತಕ್ಕದ್ದು. ಅನ್ನ, ನಿದ್ದೆ, ವಿಶ್ರಾಂತಿಗಳಿಂದ ಅದು ಇಳಿಯಬೇಕು. ರಾತ್ರಿಯೆಲ್ಲ ಮಲಗಿ ಎದ್ದರೂ ಇಳಿಯದೆ ವಾರಗಟ್ಟಲೆ ಉಳಿದರೆ ಕಾರಣವನ್ನು ದುಡಿಮೆಯ ಆಚೆಗೆ ಹುಡುಕಬೇಕಾಗುತ್ತದೆ. ಹಾಗೆ ಹುಡುಕಬೇಕಾದ ತಾಣಗಳಲ್ಲಿ ಕೊರಳಿನ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯೂ ಒಂದು.

ಚಿಟ್ಟೆಯ ರೆಕ್ಕೆಗಳಂತೆ ಶ್ವಾಸನಾಳದ ಎರಡೂ ಬದಿಗೆ ಹರಡಿಕೊಂಡಿರುವ ಈ ಗ್ರಂಥಿಯ ತೂಕ ವಯಸ್ಕರಲ್ಲಿ ಸುಮಾರು 20 ಗ್ರಾಂ. ಗುರಾಣಿ ಎಂಬರ್ಥದ ಗ್ರೀಕ್ ಪದದಿಂದ 'ಥೈರಾಯ್ಡ್' ಬಂದಿದೆ. ಕನ್ನಡದಲ್ಲಿ 'ಗುರಾಣಿಕ ಗ್ರಂಥಿ' ಎಂಬ ರೂಪವೂ ಉಂಟು, ಆದರೆ ಅದು ಜನರ ಬಾಯಲ್ಲಿ ನಿಲ್ಲಲಿಲ್ಲ. ಆಹಾರದಲ್ಲಿರುವ ಅಯೋಡಿನ್ ಹೀರಿಕೊಂಡು ಗ್ರಂಥಿಯು ಟಿ4, ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಜೀವಕೋಶಗಳು ಶಕ್ತಿಯನ್ನು ಎಷ್ಟು ವೇಗದಲ್ಲಿ ವ್ಯಯಿಸಬೇಕೆಂಬುದು ಇವುಗಳ ಹತೋಟಿಯಲ್ಲಿದೆ. ಇವು ಕಡಿಮೆಯಾದಾಗ ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯು ಟಿಎಸ್‌ಎಚ್ ಅನ್ನು ಹೆಚ್ಚಾಗಿ ಸ್ರವಿಸಿ ಥೈರಾಯ್ಡನ್ನು ಪ್ರಚೋದಿಸುತ್ತದೆ. ವರದಿಯಲ್ಲಿ ಟಿಎಸ್‌ಎಚ್ ಏರಿದ್ದರೆ ಥೈರಾಯ್ಡಿನ ಕೆಲಸವೂ ಏರಿದೆಯೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಸಾಮಾನ್ಯವಾಗಿ ಅದಕ್ಕೆ ವಿರುದ್ಧ.

ಈ ಕೊರತೆ ಸದ್ದಿಲ್ಲದೆ ಬರುತ್ತದೆ. ಉಳಿದವರಿಗೆ ಹಿತವಾದ ಗಾಳಿ ಒಬ್ಬರಿಗೆ ಮಾತ್ರ ಚಳಿಯಾಗುತ್ತದೆ. ಚರ್ಮ ಒಣಗುತ್ತದೆ, ಕೂದಲು ಉದುರುತ್ತದೆ, ಮಲಬದ್ಧತೆ ಕಾಡುತ್ತದೆ, ಮೈತೂಕ ಏರಬಹುದು, ಮುಟ್ಟಿನ ಸ್ರಾವ ಹೆಚ್ಚಬಹುದು, ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ. ಮನೆಯವರ ಕಣ್ಣಿಗೆ ಇದೆಲ್ಲ ಸೋಮಾರಿತನ. ಪುರುಷರಿಗಿಂತ ಹೆಂಗಸರಲ್ಲಿಯೇ ಈ ತೊಂದರೆ ಬಹಳ ಹೆಚ್ಚು. ಬೈಗುಳವೂ ಅವರ ಪಾಲಿಗೇ ಹೆಚ್ಚು. ಅಯೋಡಿನ್ ಬೆರೆತ ಉಪ್ಪು ಸಿಗುವಲ್ಲಿ ಮುಖ್ಯ ಕಾರಣ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಗ್ರಂಥಿಯ ಮೇಲೆ ಎರಗುವುದು. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ಇದನ್ನು ವಿವರಿಸಿದರು. ರೋಗಕ್ಕೆ ಅವರದೇ ಹೆಸರಿದೆ.

ಗಡಿನಾಡಿನ ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. 'ಸುಸ್ತು' ಫಾರಸಿಯಿಂದ ಬಂದ ಪದ. ಕನ್ನಡದಲ್ಲಿ ಅದು ಬಳಲಿಕೆ. ಮರಾಠಿಯ 'ಸುಸ್ತ್' ಜಡ, ಆಲಸಿ ಎಂಬರ್ಥ ಕೊಡುತ್ತದೆ. ಸೊಲ್ಲಾಪುರದಲ್ಲಿ ಕನ್ನಡದ ಹುಡುಗಿ ಸುಸ್ತೆಂದರೆ ಮರಾಠಿ ಕಿವಿಗೆ ಆಲಸ್ಯವೆಂದು ಕೇಳಿಸುವ ಸಂಭವವಿದೆ. ಅಲ್ಲಿ 'ಥಕವಾ' ಎನ್ನಬೇಕು. ಆದೋನಿಯ ಕಡೆ ತೆಲುಗಿನ 'ನೀರಸಂ' ಎಂದರೆ ನಿಶ್ಶಕ್ತಿ. ಕನ್ನಡದ ನೀರಸವೋ ರಸವಿಲ್ಲದ್ದು. ಕಾಸರಗೋಡಿನಲ್ಲಿ ಮಲಯಾಳದ 'ಕ್ಷೀಣಂ' ಬರಿಯ ಆಯಾಸ. ಕನ್ನಡದ ಕಿವಿಗೆ ಅದು ಸವೆದುಹೋಗುವುದು. ಒಂದೇ ಪದವನ್ನು ನಂಬಿ ವೈದ್ಯರ ಮುಂದೆ ಕೂರುವುದಕ್ಕಿಂತ ಸಂಗತಿಗಳನ್ನೇ ಹೇಳುವುದು ಲೇಸು: ಎಷ್ಟು ದಿನದಿಂದ, ನಿದ್ದೆಯ ಬಳಿಕ ಇಳಿಯುವುದೇ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗದು, ಚಳಿ ಹೆಚ್ಚೇ, ಮುಟ್ಟು ಹೇಗಿದೆ, ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದೆಯೇ.

ಆರದ ದಣಿವೆಲ್ಲ ಥೈರಾಯ್ಡಿನದೇ ಅಲ್ಲ. ರಕ್ತಹೀನತೆ, ಬಿ12 ಕೊರತೆ, ಮಧುಮೇಹ, ಕೆಟ್ಟ ನಿದ್ದೆ, ಖಿನ್ನತೆ ಇವೂ ಹೀಗೆಯೇ ಕಾಡುತ್ತವೆ. ಥೈರಾಯ್ಡ್ ಅತಿಯಾಗಿ ದುಡಿದರೂ ದಣಿವುಂಟು. ಆಗ ಎದೆಬಡಿತ, ಕೈನಡುಕ, ತೂಕದ ಇಳಿತ ಜೊತೆಗಿರುತ್ತವೆ. ಆದ್ದರಿಂದ ಟಿಎಸ್‌ಎಚ್ ಸರಿಯಿದೆ ಎಂಬ ವರದಿಯಿಂದ ದಣಿವು ಸುಳ್ಳೆಂದು ಸಾಬೀತಾಗುವುದಿಲ್ಲ. ಹುಡುಕಾಟ ಬೇರೆಡೆಗೆ ತಿರುಗಬೇಕು, ಅಷ್ಟೆ.

ಕೊರತೆ ಖಚಿತವಾದವರಿಗೆ ವೈದ್ಯರು ಸಾಮಾನ್ಯವಾಗಿ ಲೆವೊಥೈರಾಕ್ಸಿನ್ ಮಾತ್ರೆ ಬರೆಯುತ್ತಾರೆ. ಇದು ಟಿ4ನದೇ ತದ್ರೂಪು. ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕು. ಹೊಸ ಪ್ರಮಾಣವೊಂದು ದೇಹದಲ್ಲಿ ನೆಲೆಗೊಳ್ಳುವುದೂ ನಿಧಾನ. ಅದಕ್ಕೆಂದೇ ಮರುಪರೀಕ್ಷೆ 6ರಿಂದ 8 ವಾರಗಳ ನಂತರ. ನಾಲ್ಕು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡುವವರು, ಗುಣ ಕಂಡಿತೆಂದು ನಿಲ್ಲಿಸುವವರು ಇಬ್ಬರೂ ತಪ್ಪುತ್ತಾರೆ. ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಬೇಕು. ಕಾಫಿ, ಚಹಾ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಬ್ಬಿಣಾಂಶದ ಅಥವಾ ಕ್ಯಾಲ್ಸಿಯಂ ಮಾತ್ರೆಗಳು ಇದರ ಹೀರುವಿಕೆಯನ್ನು ತಡೆಯುವುದರಿಂದ ನಡುವೆ 4 ಗಂಟೆಗಳ ಅಂತರವಿರಬೇಕು. ಗರ್ಭ ನಿಂತ ಮೊದಲ ತಿಂಗಳುಗಳಲ್ಲಿ ಶಿಶುವು ತಾಯಿಯ ಹಾರ್ಮೋನನ್ನೇ ಅವಲಂಬಿಸುತ್ತದೆ. ಈ ಮಾತ್ರೆ ಸೇವಿಸುವವರು ಗರ್ಭವತಿಯಾದ ಕೂಡಲೇ ವೈದ್ಯರಿಗೆ ತಿಳಿಸಬೇಕು.