ಕಿಡ್ನಿ ರೋಗಿಯ ಟ್ರೋಪೋನಿನ್ ರಿಪೋರ್ಟ್: ಓದುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಿಪೋರ್ಟಿನಲ್ಲಿ ‘ಟ್ರೋಪೋನಿನ್ ಹೆಚ್ಚು’ ಎಂದು ಕಂಡರೆ ಕೆಲವರು ಹಾರ್ಟ್ ಅಟ್ಯಾಕ್ ಎಂದೇ ಕಂಗಾಲಾಗುತ್ತಾರೆ. ಇನ್ನು ಕೆಲವರು ‘ಕಿಡ್ನಿಯವರಿಗೆ ಅದು ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಎರಡೂ ಅಪಾಯ.

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೇರುವ ಪ್ರೋಟೀನ್ ಟ್ರೋಪೋನಿನ್. ಬಿಪಿ, ಮೈಯಲ್ಲಿ ನಿಂತ ನೀರು, ರಕ್ತಹೀನತೆಯಿಂದ ಕಿಡ್ನಿ ರೋಗಿಯ ಹೃದಯ ಸದಾ ದಣಿದಿರುತ್ತದೆ. ಟ್ರೋಪೋನಿನ್ ಹೊರಹೋಗುವುದೂ ನಿಧಾನ. ಹಾಗಾಗಿ ಅಟ್ಯಾಕ್ ಇಲ್ಲದೆಯೂ ಅಂಕಿ ಮೇಲಿರಬಹುದು.

1. ಮೊದಲು ಇಸಿಜಿ: ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆ ಇದ್ದರೆ ‘ಗ್ಯಾಸ್ಟ್ರಿಕ್’ ಎಂದು ಕೂರದೆ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆಯೂ ಇದ್ದವರಿಗೆ ನೋವೇ ಬಾರದಿರಬಹುದು. ಆಸ್ಪತ್ರೆ ತಲುಪಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಇಸಿಜಿಯಲ್ಲೇ ಅಟ್ಯಾಕ್ ಸ್ಪಷ್ಟವಾದರೆ ರಕ್ತದ ರಿಪೋರ್ಟಿಗೆ ಕಾಯುವಂತಿಲ್ಲ.

2. ಯಾವ ಟೆಸ್ಟ್ ಎಂದು ನೋಡಿ: ಟ್ರೋಪೋನಿನ್ ‘ಟಿ’ ಮತ್ತು ‘ಐ’ ಬೇರೆ ಬೇರೆ, ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಬೇಡಿ. ಅಳತೆಯನ್ನೂ ಗಮನಿಸಿ: ಮಿಲಿಲೀಟರಿಗೆ 0.05 ನ್ಯಾನೊಗ್ರಾಂ ಎಂದರೆ ಲೀಟರಿಗೆ 50 ನ್ಯಾನೊಗ್ರಾಂ.

3. ಎರಡನೇ ಸಲ ರಕ್ತ ಕೊಡಿ: ಹೈ ಸೆನ್ಸಿಟಿವಿಟಿ ಟೆಸ್ಟ್ ಆದರೆ ಒಂದರಿಂದ ಮೂರು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. 60 ಇದ್ದದ್ದು 62 ಆದರೆ ಹಳೆಯ ದಣಿವಿರಬಹುದು. 60 ಇದ್ದದ್ದು 95 ಆದರೆ ಹೊಸ ಪೆಟ್ಟು. ಮೊದಲೇ ಹೆಚ್ಚಿರುವವರಲ್ಲಿ ಶೇ 20ಕ್ಕಿಂತ ಹೆಚ್ಚಿನ ಏರಿಳಿತ ಎಚ್ಚರಿಕೆಯ ಗಂಟೆ. ನೋವು ಶುರುವಾದ ಕೂಡಲೇ ತೆಗೆದ ರಕ್ತದಲ್ಲಿ ಅಂಕಿ ಕಡಿಮೆ ಇದ್ದರೂ ನಿರಾಳರಾಗಬೇಡಿ.

4. ಎನ್‌ಟಿ-ಪ್ರೋಬಿಎನ್‌ಪಿ: ಹಾರ್ಟ್ ಫೇಲ್ಯೂರ್ ಸುಳಿವು ಕೊಡುವ ಈ ಅಂಕಿಯೂ ಕಿಡ್ನಿ ಸೋತಾಗ ಏರುತ್ತದೆ. ಕಾಲಿನ ಊತ, ತೂಕ, ಎಕೋ ಜೊತೆಗಿಟ್ಟೇ ವೈದ್ಯರು ತೀರ್ಮಾನಿಸಬೇಕು.

5. ಏರಿಳಿಯದಿದ್ದರೂ ಮರೆಯಬೇಡಿ: ಸದಾ ಹೆಚ್ಚಿರುವ ಟ್ರೋಪೋನಿನ್ ಮುಂದಿನ ಹೃದಯದ ತೊಂದರೆಯ ಮುನ್ಸೂಚನೆ. ಹೃದ್ರೋಗ ತಜ್ಞರನ್ನು ಒಮ್ಮೆ ಕಾಣಿ.

ಆರೋಗ್ಯವಾಗಿದ್ದ ದಿನದ ಟ್ರೋಪೋನಿನ್ ಅಂಕಿ, ದಿನಾಂಕ, ಲ್ಯಾಬ್ ಹೆಸರು ಮತ್ತು ಹಳೆಯ ಇಸಿಜಿಯನ್ನು ಡಯಾಲಿಸಿಸ್ ಫೈಲಿನ ಮೊದಲ ಪುಟದಲ್ಲೇ ಇಡಿ. ನಡುರಾತ್ರಿ ತುರ್ತು ಚಿಕಿತ್ಸೆಗೆ ಹೋದಾಗ ವೈದ್ಯರು ಮೊದಲು ಹುಡುಕುವುದು ಅದನ್ನೇ.