ಕಾಯಿಸಿದರೂ ಹೋಗದ ನಂಜು

ಹಾಲು ಕಾಯಿಸಿ ಕುಡಿದರೆ ಯಾವ ರೋಗವೂ ಅಂಟದು ಎಂದು ಹಿರಿಯರು ಹೇಳುವುದನ್ನು ಕೇಳುತ್ತಲೇ ಬೆಳೆದವರು ನಾವು. ಮಾತು ಮುಕ್ಕಾಲುಪಾಲು ನಿಜ. ಉಳಿದ ಕಾಲುಪಾಲಿನಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕೂತಿದೆ.

ಕೆಚ್ಚಲು ಬಾವು ತರುವುದರಲ್ಲಿ ಇದರದು ದೊಡ್ಡ ಕೈ. ಇದರ ಕೆಲವು ತಳಿಗಳು ಬೆಚ್ಚಗಿನ ಹಾಲಿನಲ್ಲಿ ಬೆಳೆಯುತ್ತ ನಂಜು ಉಗುಳುತ್ತವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಆ ನಂಜು ಅರ್ಧ ಗಂಟೆ ಕುದಿದರೂ ಉಳಿಯಬಲ್ಲದು. ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ, ಹೊಟ್ಟೆನುಲಿತ, ಭೇದಿ. ಹಾಲಿನ ರುಚಿ, ವಾಸನೆ ಯಾವ ಸುಳಿವನ್ನೂ ಕೊಡುವುದಿಲ್ಲ.

2000ದಲ್ಲಿ ಜಪಾನಿನ ಒಸಾಕಾ ಸುತ್ತಮುತ್ತ ಕಾರ್ಖಾನೆಯ ಹಾಲು ಕುಡಿದು 13,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಮೂಲ ಹುಡುಕುತ್ತ ಹೋದವರು ತಲುಪಿದ್ದು ದೂರದ ಹೊಕ್ಕೈಡೊದ ಹಾಲಿನಪುಡಿ ಘಟಕಕ್ಕೆ. ಅಲ್ಲಿ ಒಂದು ದಿನ ಕರೆಂಟು ಹೋಗಿ ಹಾಲು ಗಂಟೆಗಟ್ಟಲೆ ಬೆಚ್ಚಗೇ ನಿಂತಿತ್ತು. ಆಮೇಲೆ ಅದನ್ನು ಕಾಯಿಸಿದರು, ಪುಡಿ ಮಾಡಿದರು. ನಂಜು ಹಾಗೇ ಉಳಿದಿತ್ತು. ಕರೆಂಟು ಹೋಗುವುದು ನಮಗೇನೂ ಹೊಸದಲ್ಲವಲ್ಲ, ಅದಕ್ಕೇ ಇಷ್ಟು ಹೇಳಿದೆ.

ಕರೆದ ಹಾಲಿಗೆ ಹಸುವಿನ ಮೈಬಿಸಿಯೇ ಇರುತ್ತದೆ. ಕ್ಯಾನನ್ನು ಜಗಲಿಯ ಮೇಲಿಟ್ಟು ಹರಟೆಗೆ ನಿಲ್ಲಬೇಡಿ, ನೇರ ಡೇರಿಗೆ ಒಯ್ಯಿರಿ. ತಡವಾಗುವುದಾದರೆ ತಣ್ಣೀರಿನ ತೊಟ್ಟಿಯಲ್ಲಿ ಕ್ಯಾನು ಇಳಿಸಿ, ಆಗಾಗ ನೀರು ಬದಲಿಸಿ. 4 ಡಿಗ್ರಿಗೆ ತಣಿದ ಹಾಲಿನಲ್ಲಿ ಈ ಬ್ಯಾಕ್ಟೀರಿಯಾ ನಂಜು ಮಾಡಲಾರದು.

ಇದು ಹಸುವಿನಿಂದ ಹಸುವಿಗೆ ಹೋಗುವುದು ಹೆಚ್ಚಾಗಿ ಕರೆಯುವವರ ಕೈಯಿಂದ, ಎಲ್ಲಕ್ಕೂ ಒಂದೇ ಒದ್ದೆ ಬಟ್ಟೆಯಿಂದ ಕೆಚ್ಚಲು ಒರೆಸುವುದರಿಂದ. ಬೆರಳಲ್ಲಿ ಕೀವುಗಾಯ ಇದ್ದವರು ಆ ದಿನ ಕರೆಯದಿದ್ದರೇ ಒಳ್ಳೆಯದು. ಕಷ್ಟವೆಂದರೆ ಗುಪ್ತ ಬಾವು. ಕೆಚ್ಚಲು ಊದಿರುವುದಿಲ್ಲ, ಹಾಲು ಒಡೆದಿರುವುದಿಲ್ಲ. ಮನೆಯಲ್ಲೇ ನೋಡಬಹುದು: 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕದಡಿ. ನಾಲ್ಕು ತೊಟ್ಟಿನ ಹಾಲನ್ನು ನಾಲ್ಕು ಬಟ್ಟಲಿಗೆ ಸ್ವಲ್ಪ ಸ್ವಲ್ಪ ಕರೆದು, ಅಷ್ಟಷ್ಟೇ ಸೋಪುನೀರು ಹಾಕಿ ಒಂದು ನಿಮಿಷ ಮೆಲ್ಲಗೆ ಆಡಿಸಿ. ಯಾವ ಬಟ್ಟಲಿನದು ಲೋಳೆಯಂತೆ ಗಟ್ಟಿಯಾಯಿತೋ ಆ ತೊಟ್ಟಿನಲ್ಲಿ ಬಾವು ಇದೆ ಎಂದು ಅನುಮಾನಿಸಿ ಪಶುವೈದ್ಯರಿಗೆ ತೋರಿಸಿ. ಅಂಥ ಹಸುವನ್ನು ಎಲ್ಲದರ ಕೊನೆಗೆ ಕರೆಯಿರಿ, ಅದರ ಹಾಲನ್ನು ಕ್ಯಾನಿಗೆ ಸೇರಿಸಬೇಡಿ. ಕರೆದಾದ ಮೇಲೆ ತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಮೇವು ಹಾಕಿ. ತೊಟ್ಟಿನ ಬಾಯಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಮೇಯುತ್ತ ನಿಂತ ಹಸು ಅಷ್ಟರಲ್ಲಿ ಸಗಣಿಯ ಮೇಲೆ ಮಲಗುವುದಿಲ್ಲ.

ಸಗಣಿಯಲ್ಲಿ ಇನ್ನೊಂದು ಇದೆ, ಶಿಗಾ ನಂಜಿನ ಇ-ಕೊಲೈ. ದನದ ಕರುಳಲ್ಲಿ ತೆಪ್ಪಗಿರುವ ಇದು ದೊಡ್ಡ ದನಕ್ಕೆ ಏನೂ ಮಾಡದು. ಚಿಕ್ಕ ಮಕ್ಕಳ ಹೊಟ್ಟೆ ಸೇರಿದರೆ ರಕ್ತಭೇದಿ, ಕೆಲವರಲ್ಲಿ ಮೂತ್ರಪಿಂಡಕ್ಕೇ ಪೆಟ್ಟು. ಇದಕ್ಕೆ ಮಾತ್ರ ಹಿರಿಯರ ಮಾತು ಪೂರ್ತಿ ಸರಿ, ಹಾಲು ಕುದಿದರೆ ಸಾಯುತ್ತದೆ. ಆದರೆ ಅದೇ ಮನೆಗಳಲ್ಲಿ ಮಗುವಿನ ಬಾಯಿಗೆ ನೊರೆಹಾಲು ಹಿಡಿಯುವ ರೂಢಿಯೂ ಇದೆ. ಲೋಟ ಮುಟ್ಟಿದರೆ ಬೆಚ್ಚಗಿರುತ್ತದೆ, ನಿಜ. ಆ ಬಿಸಿ ಒಲೆಯದಲ್ಲ.